ಬೆಟ್ಟದ ಟ್ರೌಟ್ ನದಿಯ ಹರಿವು ಮತ್ತು ಮಟ್ಟ ಗಮನಿಸುವುದು ಹೇಗೆ: ಕೊಲೊರಾಡೊದ ಆರ್ಕನ್ಸಾ ನದಿ ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ಕನ್ನಡ ಪತ್ರಿಕೆ ಓದುವವರಿಗೆ ನದಿಯ ಅಂಕಿಗಳು ಹೊಸದಲ್ಲ. ಮಳೆಗಾಲ ಬಂತೆಂದರೆ ಕೆಆರ್‌ಎಸ್‌ನಲ್ಲಿ ಇಂದು ಎಷ್ಟು ಅಡಿ ನೀರಿದೆ, ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು ಅಂತ ದಿನಾ ನೋಡುತ್ತೇವೆ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಟ್ರೌಟ್ ಎಂಬ ತಣ್ಣೀರಿನ ಮೀನು ಸಿಗುವ ನದಿಗಳಲ್ಲೂ ಇದೇ ಅಡಿ, ಇದೇ ಕ್ಯೂಸೆಕ್ ಲೆಕ್ಕ. ಒಂದೇ ವ್ಯತ್ಯಾಸ, ಅಲ್ಲಿ ಅಂಕಿ ಸಾಮಾನ್ಯವಾಗಿ 15 ನಿಮಿಷಕ್ಕೊಂದು ಸಿಗುತ್ತದೆ. ಯಾರು ಬೇಕಾದರೂ ಫೋನಿನಲ್ಲಿ ಪುಕ್ಕಟೆ ನೋಡಬಹುದು.

ಡೆನ್ವರ್, ಕೊಲೊರಾಡೊ ಸ್ಪ್ರಿಂಗ್ಸ್ ಕಡೆ ಇರುವ ನಮ್ಮವರು ವಾರಾಂತ್ಯಕ್ಕೆ ಮಕ್ಕಳ ಜೊತೆ ನದಿ ಕಡೆ ಹೋಗುತ್ತಾರೆ. ಕೆಲವರು ಗಾಳ ಹಿಡಿಯುತ್ತಾರೆ, ಕೆಲವರು ರಾಫ್ಟ್ ಹತ್ತುತ್ತಾರೆ. ಹೊರಡುವ ಮೊದಲು ಅಂಕಿ ನೋಡುವವರೂ ಇದ್ದಾರೆ. ಆದರೆ ಒಂದೇ ಒಂದು ಅಂಕಿ ನೋಡಿ ಫೋನ್ ಜೇಬಿಗೆ ಹಾಕಿಕೊಂಡರೆ ಅರ್ಧ ವಿಷಯ ಕೂಡ ತಿಳಿಯುವುದಿಲ್ಲ. ನೋಡಬೇಕಾದ್ದು ಗ್ರಾಫಿನ ಗೆರೆ. ಅದು ಏರುತ್ತಿದೆಯೋ ಇಳಿಯುತ್ತಿದೆಯೋ, ಯಾಕೆ, ಆ ನೀರು ಎಲ್ಲಿಂದ ಬಂತು. ಇದನ್ನು ಓದಲು ಯಾರು ಬೇಕಾದರೂ ಕಲಿಯಬಹುದು.

ಉದಾಹರಣೆಗೆ ಆರ್ಕನ್ಸಾ ನದಿಯನ್ನೇ ತೆಗೆದುಕೊಳ್ಳೋಣ. ಲೆಡ್‌ವಿಲ್ ಊರಿನ ಸುತ್ತಲಿನ ಹಿಮದ ಬೆಟ್ಟಗಳಲ್ಲಿ ಹುಟ್ಟಿ ಗ್ರಾನೈಟ್, ಬ್ಯೂನಾ ವಿಸ್ಟಾ, ಸಲೈಡಾ ದಾಟಿ ರಾಯಲ್ ಗಾರ್ಜ್ ಕಡೆಗೆ ಇಳಿಯುವ ನದಿ ಇದು. ಇಲ್ಲಿ ಹೆಚ್ಚಾಗಿ ಇರುವುದು ಕಂದು ಟ್ರೌಟ್. ಲೆಡ್‌ವಿಲ್‌ನಿಂದ ಪಾರ್ಕ್‌ಡೇಲ್‌ವರೆಗಿನ 102 ಮೈಲಿಗೆ 2014ರಲ್ಲಿ ರಾಜ್ಯವು ‘ಗೋಲ್ಡ್ ಮೆಡಲ್’ ನದಿ, ಅಂದರೆ ಟ್ರೌಟ್ ಹಿಡಿಯಲು ಅತ್ಯುತ್ತಮ ನದಿ, ಎಂಬ ಮಾನ್ಯತೆ ಕೊಟ್ಟಿತು. ಒಂದು ಕಾಲದಲ್ಲಿ ಲೆಡ್‌ವಿಲ್ ಗಣಿಗಳ ವಿಷದ ನೀರು ಸೇರಿ ಮೀನು ಬದುಕಲಾರದೆ ಒದ್ದಾಡಿದ ನದಿ ಇದು. ಅಲ್ಲಿಂದ ಇಲ್ಲಿಗೆ ಬಂದಿದೆ ಎಂದರೆ ಅದರ ಹಿಂದೆ ತುಂಬಾ ಜನರ ದುಡಿಮೆ ಇದೆ.

ಹಂತ 1: ಅಡಿ ಬೇರೆ, ಕ್ಯೂಸೆಕ್ ಬೇರೆ

ಮಾಪನ ಕೇಂದ್ರದ ಪುಟ ತೆರೆದರೆ ಎರಡು ಅಂಕಿ ಕಾಣುತ್ತವೆ. ಒಂದು ಮಟ್ಟ, ಅದು ಅಡಿಯಲ್ಲಿ. ಇನ್ನೊಂದು ಹರಿವು, ಅದು ಕ್ಯೂಸೆಕ್‌ನಲ್ಲಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್. 35.3 ಕ್ಯೂಸೆಕ್ ಸೇರಿದರೆ ಸೆಕೆಂಡಿಗೆ ಒಂದು ಘನ ಮೀಟರ್.

ಮಟ್ಟ 3.5 ಅಡಿ ಎಂದು ಕಂಡರೆ ನದಿ 3.5 ಅಡಿ ಆಳ ಇದೆ ಎಂದು ತಿಳಿಯಬೇಡಿ. ಆ ಸೊನ್ನೆ ಎಲ್ಲಿಂದ ಶುರು ಎನ್ನುವುದನ್ನು ಕೇಂದ್ರ ಕಟ್ಟಿದವರು ತಮ್ಮ ಅನುಕೂಲಕ್ಕೆ ಗೊತ್ತು ಮಾಡಿರುತ್ತಾರೆ. ಅದು ನದಿಯ ತಳವೇ ಆಗಿರಬೇಕಿಲ್ಲ. ಹಾಗಾಗಿ ಒಂದು ಕೇಂದ್ರದ ಅಡಿಯನ್ನು ಇನ್ನೊಂದು ಕೇಂದ್ರದ ಅಡಿಯ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಅದೇ ಕೇಂದ್ರದ ನಿನ್ನೆಯ ಅಂಕಿಗೆ ಹೋಲಿಸಿ, ಸಾಕು.

ಇನ್ನೊಂದು ಮಾತು ಮನಸ್ಸಿನಲ್ಲಿ ಇರಲಿ. ಯಂತ್ರ ನೇರವಾಗಿ ಅಳೆಯುವುದು ಮಟ್ಟವನ್ನು ಮಾತ್ರ. ಅದಕ್ಕೆ ತೇಲುಬುರುಡೆ, ಒತ್ತಡದ ಸೆನ್ಸರ್, ರಾಡಾರ್, ಹೀಗೆ ನಾನಾ ಬಗೆ ಇವೆ. ಕ್ಯೂಸೆಕ್ ಅನ್ನುವುದು ಆ ಮಟ್ಟದಿಂದ ಲೆಕ್ಕ ಹಾಕಿ ತೆಗೆದದ್ದು. ಕೇಂದ್ರ ನೋಡಿಕೊಳ್ಳುವ ಸಿಬ್ಬಂದಿ ಆಗಾಗ ಬಂದು ನದಿಯ ಅಡ್ಡಗಲಕ್ಕೂ ಆಳ ಮತ್ತು ವೇಗ ಅಳೆಯುತ್ತಾರೆ. ಇಷ್ಟು ಮಟ್ಟಕ್ಕೆ ಇಷ್ಟು ಹರಿವು ಅಂತ ಒಂದು ವಕ್ರರೇಖೆ ಬರೆಯುತ್ತಾರೆ. ದೊಡ್ಡ ನೆರೆ ಬಂದು ತಳದ ಜಲ್ಲಿ ಸರಿದರೆ ಆ ರೇಖೆ ಬದಲಾಗುತ್ತದೆ. ಆಮೇಲೆ ಅಳತೆ ಮಾಡಿ ಸರಿಪಡಿಸುವವರೆಗೂ ಪರದೆಯ ಕ್ಯೂಸೆಕ್ ಅಷ್ಟಿಷ್ಟು ತಪ್ಪಿರಬಹುದು. ಪುಟದ ಮೇಲೆ ‘ತಾತ್ಕಾಲಿಕ’ ಎಂದು ಬರೆದಿರುವುದು ಇದಕ್ಕೇ. ಚಳಿಗಾಲದಲ್ಲಿ ಇನ್ನೊಂದು ತೊಂದರೆ. ಮಂಜುಗಡ್ಡೆ ಕಟ್ಟಿ ನೀರಿಗೆ ತಡೆಯಾದರೆ ಮಟ್ಟ ಏರುತ್ತದೆ, ಹರಿವು ಏರಿರುವುದಿಲ್ಲ. ಆಗ ಕೇಂದ್ರದವರು ಅಂಕಿ ತೆಗೆದು ‘ಐಸ್’ ಎಂದು ಗುರುತು ಹಾಕುತ್ತಾರೆ.

ಹಂತ 2: ಸರಿಯಾದ ಕೇಂದ್ರ ಆರಿಸಿಕೊಳ್ಳಿ

ಆರ್ಕನ್ಸಾ ಉದ್ದಕ್ಕೂ ಲೆಡ್‌ವಿಲ್ ಹತ್ತಿರ, ಗ್ರಾನೈಟ್, ನಾಥ್‌ರಾಪ್, ಸಲೈಡಾ, ವೆಲ್ಸ್‌ವಿಲ್, ಪಾರ್ಕ್‌ಡೇಲ್‌ಗಳಲ್ಲಿ ಮಾಪನ ಕೇಂದ್ರಗಳಿವೆ. ಅಂಕಿ ಬೇಕಾದರೆ ಅಮೆರಿಕದ ಭೂವಿಜ್ಞಾನ ಸಮೀಕ್ಷೆ, ಅಂದರೆ ಯುಎಸ್‌ಜಿಎಸ್, ಅಥವಾ ಕೊಲೊರಾಡೊ ಜಲ ಸಂಪನ್ಮೂಲ ವಿಭಾಗದ ತಾಣ ನೋಡಬೇಕು. ಇವೆರಡೂ ತಾಣಗಳನ್ನು ಫೋನಿನಲ್ಲಿ ಉಳಿಸಿಕೊಳ್ಳಿ.

ನೀವು ನಿಲ್ಲುವ ಜಾಗಕ್ಕೆ ಹತ್ತಿರದ ಕೇಂದ್ರ ನೋಡಿದರೆ ಸಾಕು ಎಂದು ಅನಿಸುತ್ತದೆ, ಅಲ್ವಾ? ಸಾಲದು. ನಿಮಗೂ ಆ ಕೇಂದ್ರಕ್ಕೂ ನಡುವೆ ಯಾವ ಉಪನದಿ ಸೇರುತ್ತದೆ ಎಂದು ನಕ್ಷೆಯಲ್ಲಿ ನೋಡಿ. ಗ್ರಾನೈಟ್‌ಗಿಂತ ಮೇಲೆ ಲೇಕ್ ಕ್ರೀಕ್ ಸೇರುತ್ತದೆ, ಅದರಲ್ಲಿ ಬರುವುದು ಟ್ವಿನ್ ಲೇಕ್ಸ್ ಜಲಾಶಯದ ನೀರು. ಬ್ಯೂನಾ ವಿಸ್ಟಾದಲ್ಲಿ ಕಾಟನ್‌ವುಡ್ ಕ್ರೀಕ್ ಸೇರುತ್ತದೆ. ನಾಥ್‌ರಾಪ್ ಬಳಿ ಚಾಕ್ ಕ್ರೀಕ್, ಸಲೈಡಾದಲ್ಲಿ ದಕ್ಷಿಣ ಆರ್ಕನ್ಸಾ. ಲೇಕ್ ಕ್ರೀಕ್‌ಗಿಂತ ಮೇಲೆ ಗಾಳ ಹಾಕುವವರಿಗೆ ಗ್ರಾನೈಟ್‌ನ ಅಂಕಿ ದಾರಿ ತಪ್ಪಿಸುತ್ತದೆ. ಅವರು ನೋಡಬೇಕಾದ್ದು ಲೆಡ್‌ವಿಲ್ ಹತ್ತಿರದ ಕೇಂದ್ರ.

ಎಲ್ಲಕ್ಕಿಂತ ಹೆಚ್ಚು ಜನ ನೋಡುವುದು ವೆಲ್ಸ್‌ವಿಲ್ ಕೇಂದ್ರವನ್ನು. ಅದರ ಯುಎಸ್‌ಜಿಎಸ್ ಸಂಖ್ಯೆ 07093700. ತಮಿಳುನಾಡಿಗೆ ಹರಿದ ಕಾವೇರಿ ನೀರನ್ನು ಬಿಳಿಗುಂಡ್ಲುವಿನಲ್ಲಿ ಅಳೆಯುತ್ತಾರಲ್ಲ, ಈ ನದಿಗೆ ವೆಲ್ಸ್‌ವಿಲ್ ಹಾಗೆ. ನೀರು ಬಿಡುವ ಬಗ್ಗೆ ಇರುವ ಒಪ್ಪಂದದ (ಹಂತ 5 ನೋಡಿ) ಮಾತೆಲ್ಲ ಅಲ್ಲಿನ ಅಂಕಿಯ ಮೇಲೆ ನಿಂತಿದೆ.

ನನ್ನ ಸಲಹೆ ಇಷ್ಟೇ. ಯಾವಾಗಲೂ ಎರಡು ಕೇಂದ್ರ ನೋಡಿ. ಒಂದು ನೀವು ಹೋಗುವ ಜಾಗದ್ದು, ಇನ್ನೊಂದು ಅದಕ್ಕಿಂತ ಮೇಲಿನದು. ಮೇಲೆ ಈಗ ಏರಿದ್ದು ಕೆಳಗೆ ಇನ್ನು ಕೆಲವು ಗಂಟೆಯಲ್ಲಿ ಬರುತ್ತದೆ. ಎರಡೂ ಗ್ರಾಫ್ ಒಂದರ ಕೆಳಗೊಂದು ಇಟ್ಟು ಶಿಖರದಿಂದ ಶಿಖರಕ್ಕೆ ಎಷ್ಟು ಗಂಟೆ ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ನೀರು ಕಡಿಮೆ ಇದ್ದಾಗ ಈ ಅಂತರ ಜಾಸ್ತಿ, ತುಂಬಿ ಹರಿಯುವಾಗ ಕಡಿಮೆ.

ಹಂತ 3: ಗೆರೆಯ ಆಕಾರ ಓದಿ

ಗ್ರಾಫನ್ನು ಏಳು ದಿನಕ್ಕೆ ಹಿಗ್ಗಿಸಿ. ಈಗ ಆಕಾರ ನೋಡಿ. ಬೆಟ್ಟದ ನದಿಯಲ್ಲಿ ಮುಖ್ಯವಾಗಿ ಮೂರು ಬಗೆಯ ಏರಿಕೆ ಕಾಣುತ್ತವೆ.

ಅಲೆ ಅಲೆಯಾಗಿ ದಿನಕ್ಕೊಮ್ಮೆ ಏರಿ ಇಳಿದರೆ ಅದು ಹಿಮ ಕರಗಿದ ನೀರು. ಮೇ ಕೊನೆ ಮತ್ತು ಜೂನ್‌ನಲ್ಲಿ ಇದು ಎದ್ದು ಕಾಣುತ್ತದೆ. ಮಧ್ಯಾಹ್ನದ ಬಿಸಿಲಿಗೆ ಬೆಟ್ಟದ ಮೇಲೆ ಹಿಮ ಕರಗುತ್ತದೆ. ಮೇಲಿನ ಹಳ್ಳಗಳಲ್ಲಿ ಸಂಜೆ, ರಾತ್ರಿ ನೀರು ಏರುತ್ತದೆ. ಅದು ಕೆಳಗಿನ ಕೇಂದ್ರಕ್ಕೆ ಮುಟ್ಟುವಾಗ ಮಧ್ಯರಾತ್ರಿ ದಾಟಿರಬಹುದು, ಬೆಳಕೂ ಹರಿದಿರಬಹುದು. ಜೂನ್‌ನಲ್ಲಿ ಟೆಂಟ್ ಹಾಕುವವರು ಇದನ್ನು ಮರೆಯಬಾರದು. ಬೆಳಿಗ್ಗೆ ಸುಲಭವಾಗಿ ದಾಟಿದ ಹಳ್ಳ ರಾತ್ರಿಯ ಹೊತ್ತಿಗೆ ದಾಟಲಾಗದಷ್ಟು ತುಂಬಿರಬಹುದು. ಮಕ್ಕಳಿದ್ದರೆ ಟೆಂಟನ್ನು ದಡದಿಂದ ಸಾಕಷ್ಟು ಮೇಲೆ ಹಾಕಿ.

ಮೆಟ್ಟಿಲಿನಂತೆ ನೆಟ್ಟಗೆ ಏರಿ ಅಲ್ಲೇ ಸಮವಾಗಿ ನಿಂತರೆ ಅದು ಜಲಾಶಯದಿಂದ ಬಿಟ್ಟ ನೀರು. ಖಾತ್ರಿ ಮಾಡಿಕೊಳ್ಳುವುದು ಸುಲಭ. ಲೆಡ್‌ವಿಲ್ ಹತ್ತಿರದ ಗೆರೆ ಅಲುಗದೆ ಗ್ರಾನೈಟ್‌ನ ಗೆರೆ ಮಾತ್ರ ಏರಿದ್ದರೆ ಟ್ವಿನ್ ಲೇಕ್ಸ್ ಕಡೆ ಗೇಟ್ ತೆರೆದಿದ್ದಾರೆ ಎಂದರ್ಥ.

ಸೂಜಿಯಂತೆ ಚೂಪಾಗಿ ಎದ್ದು ಬೇಗ ಇಳಿದರೆ ಅದು ಗುಡುಗು ಮಳೆ. ಜುಲೈ, ಆಗಸ್ಟ್‌ನ ಮಧ್ಯಾಹ್ನಗಳಲ್ಲಿ ಇದು ಸಾಮಾನ್ಯ. ಇದರ ಜೊತೆ ಕೆಸರೂ ಬರುತ್ತದೆ, ಗ್ರಾಫ್ ಅದನ್ನು ತೋರಿಸುವುದಿಲ್ಲ. ಸಲೈಡಾಗಿಂತ ಕೆಳಗಿರುವ ಕೋಲ್‌ಡೇಲ್ ಊರಿನ ಮೇಲಿನ ಬೆಟ್ಟಗಳು 2016ರ ಹೇಡನ್ ಪಾಸ್ ಕಾಡ್ಗಿಚ್ಚಿನಲ್ಲಿ ಸುಟ್ಟವು. ಸುಟ್ಟ ನೆಲ ನೀರು ಹೀರುವುದಿಲ್ಲ. ಅಂಥ ಕಡೆ ಸ್ವಲ್ಪ ಮಳೆ ಬಿದ್ದರೂ ಬೂದಿ, ಮಣ್ಣು ಕೊಚ್ಚಿಕೊಂಡು ನದಿಗೆ ಇಳಿಯುತ್ತದೆ. ಹರಿವಿನ ಅಂಕಿ ಚೆನ್ನಾಗಿಯೇ ಇದೆ ಅಂತ ಹೋದರೆ ನೀರು ಚಾಕೊಲೇಟ್ ಬಣ್ಣಕ್ಕೆ ತಿರುಗಿರಬಹುದು. ಮಳೆಯ ರಾಡಾರ್ ಚಿತ್ರವನ್ನೂ ನೋಡಿ ಹೊರಡಿ.

ಪುಟದಲ್ಲಿ ಇನ್ನೊಂದು ಗುರುತು ಇರುತ್ತದೆ. ಇದೇ ತಾರೀಖಿಗೆ ಹಿಂದಿನ ವರ್ಷಗಳಲ್ಲಿ ಹರಿದದ್ದರ ಮಧ್ಯದ ಅಂಕಿ ಅದು. ವೆಲ್ಸ್‌ವಿಲ್‌ನಲ್ಲಿ 400 ಕ್ಯೂಸೆಕ್ ಎಂಬುದು ಜನವರಿಯಲ್ಲಿ ಸಹಜ. ಜೂನ್ ಎರಡನೇ ವಾರದಲ್ಲಿ ಅದೇ 400 ಕಂಡರೆ ಬರಗಾಲ ಎಂದೇ ತಿಳಿಯಿರಿ.

ಹಂತ 4: ಚಳಿಗಾಲದಲ್ಲೇ ಹಿಮ ನೋಡಲು ಶುರು ಮಾಡಿ

ಜೂನ್‌ನ ನೀರು ಏಪ್ರಿಲ್‌ನಲ್ಲಿ ಬೆಟ್ಟದ ಮೇಲೆ ಕೂತಿರುತ್ತದೆ. ಅದನ್ನು ಅಳೆಯುವುದು ಸ್ನೋಟೆಲ್ ಕೇಂದ್ರಗಳು. ನೆಲದ ಮೇಲೆ ದಿಂಬಿನಂಥ ಒಂದು ಚೀಲ ಹಾಸಿರುತ್ತಾರೆ. ಅದರ ಮೇಲೆ ಬಿದ್ದ ಹಿಮದ ತೂಕದಿಂದ ಕರಗಿದರೆ ಎಷ್ಟು ಇಂಚು ನೀರಾಗುತ್ತದೆ ಎಂದು ಗೊತ್ತಾಗುತ್ತದೆ. ಹಿಮದ ಎತ್ತರಕ್ಕಿಂತ ಈ ನೀರಿನ ಲೆಕ್ಕವೇ ಮುಖ್ಯ. ಹೊಸ ಹಿಮ ಹಗುರ, ಹಳೇ ಹಿಮ ಭಾರ. ಆರ್ಕನ್ಸಾ ಮೇಲ್ಭಾಗಕ್ಕೆ ಫ್ರಿಮಾಂಟ್ ಪಾಸ್ ಮತ್ತು ಬ್ರಮ್ಲಿ ಕೇಂದ್ರಗಳನ್ನು ನೋಡಿ.

ಹಿಮದ ನೀರಿನ ಗ್ರಾಫಿನ ಗೆರೆ ತುದಿ ಮುಟ್ಟಿ ಇಳಿಯಲು ಶುರುವಾದರೆ ನದಿ ಏರುವ ಕಾಲ ಹತ್ತಿರ ಬಂತು. ರಾತ್ರಿಯೂ ಬೆಟ್ಟದ ಮೇಲೆ ತಾಪ ಸೊನ್ನೆಗಿಂತ ಕೆಳಗೆ ಇಳಿಯದಿದ್ದರೆ ನೀರು ಓಡಿ ಬರುತ್ತದೆ. ಮರುಭೂಮಿಯಿಂದ ಹಾರಿಬಂದ ಕೆಂಧೂಳು ಹಿಮದ ಮೇಲೆ ಕೂತರೆ ಇನ್ನೂ ಬೇಗ, ಯಾಕೆಂದರೆ ಬಿಳಿ ಹಿಮಕ್ಕಿಂತ ಕಪ್ಪಾದ ಹಿಮ ಬಿಸಿಲನ್ನು ಹೆಚ್ಚು ಹೀರುತ್ತದೆ. ಮುಂದಿನ ದಿನಗಳ ಅಂದಾಜು ಬೇಕೆಂದರೆ ಓಕ್ಲಹೋಮಾದ ಟಲ್ಸಾದಲ್ಲಿರುವ ಆರ್ಕನ್ಸಾ–ರೆಡ್ ಕೊಳ್ಳದ ನದಿ ಮುನ್ಸೂಚನಾ ಕೇಂದ್ರದ ಪುಟ ನೋಡಿ.

ಗಾಳ ಹಾಕುವವರಿಗೆ ಇದರಿಂದ ದೊಡ್ಡ ಲಾಭ ಇದೆ. ಮೇ ಆರಂಭದ ಹೊತ್ತಿಗೆ ನೀರಿನ ತಾಪ ಸುಮಾರು 12 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಕ್ಯಾಡಿಸ್ ಎಂಬ ರೆಕ್ಕೆಯ ಹುಳುಗಳು ರಾಶಿ ರಾಶಿಯಾಗಿ ನೀರಿನಿಂದ ಏಳುತ್ತವೆ. ಟ್ರೌಟ್ ಮೀನು ಹುಚ್ಚೆದ್ದು ತಿನ್ನುವ ದಿನಗಳು ಅವು. ಹಿಮ ಬೇಗ ಕರಗಿದರೆ ಹುಳು ಏಳುವ ಮೊದಲೇ ನದಿ ಕದಡಿ ತುಂಬಿ ಹರಿಯುತ್ತದೆ. ಯಾವುದು ಮೊದಲು ಎನ್ನುವುದನ್ನು ಹಿಮದ ಗೆರೆ ಮತ್ತು ನೀರಿನ ತಾಪ ಎರಡನ್ನೂ ನೋಡುವವರು ಮೊದಲೇ ಊಹಿಸುತ್ತಾರೆ.

ಹಂತ 5: ಗೇಟ್ ತೆರೆಯುವವರ ಲೆಕ್ಕ ತಿಳಿಯಿರಿ

ಬೆಟ್ಟದ ನದಿ ಅಂದರೆ ತನ್ನಷ್ಟಕ್ಕೆ ಹರಿಯುವ ನದಿ ಅಂದುಕೊಳ್ಳುತ್ತೇವೆ. ಆರ್ಕನ್ಸಾ ಹಾಗಲ್ಲ. 1962ರಲ್ಲಿ ಅನುಮೋದನೆ ಪಡೆದ ಫ್ರೈಯಿಂಗ್‌ಪ್ಯಾನ್–ಆರ್ಕನ್ಸಾ ಯೋಜನೆ ಬೆಟ್ಟದ ಪಶ್ಚಿಮದ ನೀರನ್ನು ಸುರಂಗದಲ್ಲಿ ಪೂರ್ವಕ್ಕೆ ತರುತ್ತದೆ. ಆ ನೀರು ಟರ್ಕಾಯಿಸ್ ಕೆರೆ, ಟ್ವಿನ್ ಲೇಕ್ಸ್ ದಾಟಿ ಇದೇ ನದಿಯಲ್ಲಿ ಪ್ವೆಬ್ಲೊ ಕಡೆಗೆ ಹೋಗುತ್ತದೆ. ಹೇಗಿದ್ದರೂ ಕೆಳಗೆ ಹೋಗಬೇಕಾದ ನೀರು. ಯಾವಾಗ ಬಿಡಬೇಕು ಎನ್ನುವುದರ ಮೇಲೆ ಮೀನಿನ ಮತ್ತು ರಾಫ್ಟಿನವರ ಬದುಕು ನಿಂತಿದೆ.

ಇದಕ್ಕಾಗಿ 1990ರ ದಶಕದ ಆರಂಭದಿಂದ ಒಂದು ಸ್ವಯಂಪ್ರೇರಿತ ಒಪ್ಪಂದ ನಡೆದುಕೊಂಡು ಬಂದಿದೆ. ಜುಲೈ 1ರಿಂದ ಆಗಸ್ಟ್ 15ರವರೆಗೆ ವೆಲ್ಸ್‌ವಿಲ್‌ನಲ್ಲಿ 700 ಕ್ಯೂಸೆಕ್ ಇರಬೇಕು ಎಂಬುದು ರಾಫ್ಟಿಂಗ್ ಗುರಿ. ವರ್ಷವಿಡೀ 250 ಕ್ಯೂಸೆಕ್‌ಗಿಂತ ಇಳಿಯಬಾರದು ಎಂಬುದು ಮೀನಿಗಾಗಿ ಇಟ್ಟ ಗುರಿ. ಇವು ಗುರಿಗಳು, ಭರವಸೆಗಳಲ್ಲ. ಬರ ಬಂದ ವರ್ಷ ನೀರು ಸಾಲುವುದಿಲ್ಲ.

ಆಗಸ್ಟ್ 15 ಕಳೆದ ಮೇಲೆ ಹರಿವು ಇಳಿಯುವುದನ್ನು ಗಾಳ ಹಾಕುವವರು ಕಾಯುತ್ತಾರೆ. ನೀರಿಗಿಳಿದು ನಿಲ್ಲಲು ಆಗ ಸುಲಭ.

ಚಳಿಗಾಲದ ಲೆಕ್ಕ ನನಗೆ ಇನ್ನೂ ಮುಖ್ಯ. ಕಂದು ಟ್ರೌಟ್ ಅಕ್ಟೋಬರ್, ನವೆಂಬರ್‌ನಲ್ಲಿ ಜಲ್ಲಿ ಕೆದಕಿ ಮೊಟ್ಟೆ ಇಡುತ್ತದೆ. ಮರಿ ಹೊರಬರುವುದು ವಸಂತದಲ್ಲಿ. ಮೊಟ್ಟೆ ಇಡುವಾಗ ನೀರು ಜಾಸ್ತಿ ಇದ್ದು ಆಮೇಲೆ ತುಂಬಾ ಇಳಿಸಿದರೆ ದಡದ ಜಲ್ಲಿ ಒಣಗಿ, ಹೆಪ್ಪುಗಟ್ಟಿ ಮೊಟ್ಟೆ ಸಾಯುತ್ತವೆ. ಹಾಗಾಗಿ ನವೆಂಬರ್ ಮಧ್ಯದ ಮಟ್ಟವನ್ನು ಬರೆದಿಟ್ಟುಕೊಳ್ಳಿ. ಮುಂದೆ ಏಪ್ರಿಲ್‌ವರೆಗೂ ಅದಕ್ಕಿಂತ ಎಷ್ಟು ಇಳಿಯಿತು ಎಂದು ನೋಡುತ್ತಾ ಇರಿ. ಇಲ್ಲಿ ಕ್ಯೂಸೆಕ್‌ಗಿಂತ ಅಡಿಯ ಅಂಕಿಯೇ ಹೆಚ್ಚು ಉಪಯೋಗ. ಚಳಿಗಾಲದಲ್ಲಿ ಮೋಜಿಗೆ ನದಿಗಿಳಿದವರು ಜಲ್ಲಿಯ ಮೇಲೆ ತಿಳಿಬಣ್ಣದ, ಕೆದಕಿದ ಗುಂಡಿ ಕಂಡರೆ ದಯವಿಟ್ಟು ಅದರ ಮೇಲೆ ಕಾಲಿಡಬೇಡಿ.

ಹಂತ 6: ತಾಪವನ್ನೂ ಸೇರಿಸಿ ನೋಡಿ

ಬೇಸಿಗೆಯಲ್ಲಿ ನೀರು ಕಡಿಮೆಯಾದರೆ ಬೇಗ ಬಿಸಿಯಾಗುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಸಮುದ್ರಮಟ್ಟದಲ್ಲಿ 10 ಡಿಗ್ರಿ ನೀರು ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 20 ಡಿಗ್ರಿಯಲ್ಲಿ ಸುಮಾರು 9.1 ಮಾತ್ರ. ಸಲೈಡಾ 7,000 ಅಡಿ ಎತ್ತರದಲ್ಲಿದೆ. ಅಲ್ಲಿ ಇದು ಇನ್ನೂ ಕಾಲುಭಾಗದಷ್ಟು ಕಡಿಮೆ. 20 ಡಿಗ್ರಿ ಸೆಲ್ಸಿಯಸ್, ಅಂದರೆ 68 ಫ್ಯಾರನ್‌ಹೀಟ್ ಮುಟ್ಟಿತೆಂದರೆ ಗಾಳ ಸುತ್ತಿಡಿ. ಹಿಡಿದು ವಾಪಸ್ ಬಿಟ್ಟರೂ ಎಳೆದಾಡಿ ಸುಸ್ತಾದ ಮೀನು ಚೇತರಿಸಿಕೊಳ್ಳದೆ ಸಾಯಬಹುದು. ಎಲ್ಲ ಕೇಂದ್ರಗಳಲ್ಲೂ ತಾಪದ ಸೆನ್ಸರ್ ಇರುವುದಿಲ್ಲ. ದಾರಕ್ಕೆ ಕಟ್ಟಿದ ಒಂದು ಥರ್ಮಾಮೀಟರ್ ಜೊತೆಗಿರಲಿ. ಬೇಸಿಗೆಯಲ್ಲಿ ಬೆಳಗಿನ ಜಾವ ಹೋಗಿ ಮಧ್ಯಾಹ್ನಕ್ಕೆ ಮುಗಿಸಿ.

ಹಂತ 7: ನೀರಿಗಿಳಿಯುವ ಮೊದಲು

ವೆಲ್ಸ್‌ವಿಲ್‌ನಲ್ಲಿ 300ರಿಂದ 500 ಕ್ಯೂಸೆಕ್ ಇದ್ದರೆ ಅನುಭವ ಇರುವವರು ಆರಾಮಾಗಿ ಇಳಿಯಬಹುದು. 700ಕ್ಕೆ ಹುಷಾರು. ಸಾವಿರ ದಾಟಿದರೆ ದಡದಲ್ಲೇ ಇರಿ, ಮೀನೂ ಆಗ ದಡದ ಹತ್ತಿರದ ನಿಧಾನದ ನೀರಿಗೆ ಬಂದಿರುತ್ತದೆ. ಇದು ನನ್ನ ಅಂದಾಜು. ನದಿ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ನಿಮ್ಮ ಜಾಗಕ್ಕೆ ನಿಮ್ಮದೇ ಅಂಕಿ ಬೇಕು.

ಅದಕ್ಕೆ ನದಿ ಅಳೆಯುವ ಸಿಬ್ಬಂದಿ ಬಳಸುವ ಒಂದು ಸೂತ್ರ ಇದೆ. ಆಳವನ್ನು ಅಡಿಯಲ್ಲಿ, ವೇಗವನ್ನು ಸೆಕೆಂಡಿಗೆ ಅಡಿಯಲ್ಲಿ ತೆಗೆದುಕೊಂಡು ಗುಣಿಸಿ. ಉತ್ತರ 10 ಅಥವಾ ಜಾಸ್ತಿ ಬಂದರೆ ಇಳಿಯಬೇಡಿ. ಎರಡೂವರೆ ಅಡಿ ಆಳ, ಸೆಕೆಂಡಿಗೆ 4 ಅಡಿ ವೇಗ ಇದ್ದರೆ ಅಲ್ಲಿಗೆ 10 ಆಯಿತು. ತೊಡೆ ಮಟ್ಟದ ನೀರು ಅಷ್ಟೇ ಅಲ್ವಾ ಅಂತ ಇಳಿದವರನ್ನು ಅದು ಎಳೆದುಕೊಂಡು ಹೋಗುತ್ತದೆ. ಮಕ್ಕಳಿಗೆ, ಕುಳ್ಳಗಿರುವವರಿಗೆ ಈ ಮಿತಿಯೂ ಜಾಸ್ತಿಯೇ.

ಯುಎಸ್‌ಜಿಎಸ್‌ನ ಎಚ್ಚರಿಕೆ ಸೇವೆಗೆ ಹೆಸರು ಕೊಟ್ಟರೆ ನೀವು ಹೇಳಿದ ಅಂಕಿ ದಾಟಿದ ಕೂಡಲೇ ಸಂದೇಶ ಬರುತ್ತದೆ. ಮೇಲಿನ ಕೇಂದ್ರಕ್ಕೆ ಇದನ್ನು ಹಾಕಿಡಿ. ಆದರೆ ಕಿರಿದಾದ ಕಣಿವೆಯಲ್ಲಿ ಇದನ್ನೇ ನಂಬಿ ಕೂರಬೇಡಿ. ಕೇಂದ್ರದ ಅಂಕಿ ಉಪಗ್ರಹದ ಮೂಲಕ ಬರುವುದರಿಂದ ಒಂದಷ್ಟು ತಡ ಆಗುತ್ತದೆ. 1976ರ ಜುಲೈ 31ರ ಸಂಜೆ ಇದೇ ರಾಜ್ಯದ ಬಿಗ್ ಥಾಂಪ್ಸನ್ ಕಣಿವೆಯ ಮೇಲೆ ಕೆಲವೇ ಗಂಟೆಗಳಲ್ಲಿ ಸುಮಾರು ಒಂದು ಅಡಿ ಮಳೆ ಸುರಿಯಿತು. ಕಣಿವೆಯ ಬಾಯಲ್ಲಿ ಹರಿವು 31,200 ಕ್ಯೂಸೆಕ್ ಮುಟ್ಟಿತು. 144 ಜನ ಸತ್ತರು. ಅದೂ ಟ್ರೌಟ್ ನದಿಯೇ. ನೀರು ಇದ್ದಕ್ಕಿದ್ದಂತೆ ಕದಡಿದರೆ, ಕಡ್ಡಿ ಕಸ ತೇಲಿ ಬಂದರೆ, ಸದ್ದು ಬದಲಾದರೆ ಸಾಮಾನು ಅಲ್ಲೇ ಬಿಟ್ಟು ಗುಡ್ಡ ಹತ್ತಿ. ಕಾರಿನಲ್ಲಿ ಕಣಿವೆಯ ರಸ್ತೆ ಹಿಡಿದು ಓಡಬೇಡಿ.

ಹಂತ 8: ಕೇಂದ್ರವಿಲ್ಲದ ಹಳ್ಳಕ್ಕೆ ನಿಮ್ಮದೇ ಅಳತೆ ಪಟ್ಟಿ

ಚಿಕ್ಕ ಉಪನದಿಗಳಿಗೆ ಸರ್ಕಾರಿ ಕೇಂದ್ರ ಇರುವುದಿಲ್ಲ. ಅಲ್ಲಿ ನಾವೇ ಮಾಡಿಕೊಳ್ಳಬೇಕು. ಹಿಮಾಚಲದ ತೀರ್ಥನ್‌ನಂಥ ಟ್ರೌಟ್ ನದಿಯ ತೊರೆಗಳಿಗೂ ಈ ವಿಧಾನ ನಡೆಯುತ್ತದೆ. ಮೊದಲು ಜಾಗದ ಒಡೆಯರ ಒಪ್ಪಿಗೆ ಪಡೆಯಿರಿ. ಕೊಲೊರಾಡೊದಲ್ಲಿ ಖಾಸಗಿ ಜಮೀನಿನೊಳಗೆ ಹರಿಯುವ ಹಳ್ಳದ ತಳವೂ ಖಾಸಗಿಯೇ.

ಹಳ್ಳ ನೆಟ್ಟಗೆ ಹರಿಯುವ ಕಡೆ, ಕಲ್ಲಿನ ಕಟ್ಟೆಯಂಥ ಗಟ್ಟಿ ತಡೆಯ ಸ್ವಲ್ಪ ಮೇಲೆ, ನೀರು ಶಾಂತವಾಗಿ ನಿಂತ ಜಾಗ ಹುಡುಕಿ. ಅಳತೆ ಪಟ್ಟಿಯನ್ನು ಕಬ್ಬಿಣದ ಕಂಬಕ್ಕೆ ಬಿಗಿದು ನೆಡಿ. ದಡದ ಒಂದು ದೊಡ್ಡ ಬಂಡೆಯ ಮೇಲೆ ಗುರುತು ಮಾಡಿ, ಪಟ್ಟಿಯ ಸೊನ್ನೆ ಆ ಗುರುತಿಗಿಂತ ಎಷ್ಟು ಕೆಳಗಿದೆ ಎಂದು ನೀರುಮಟ್ಟದ ಕೊಳವೆಯಿಂದ ಅಳೆದು ಬರೆದಿಡಿ. ಮುಂದೆ ಕಂಬ ವಾಲಿದರೆ, ಕುಸಿದರೆ ಇದರಿಂದಲೇ ಗೊತ್ತಾಗುವುದು. ಓದುವಾಗ ಅರ್ಧ ನಿಮಿಷ ನೋಡಿ, ಅಲೆಯ ಮೇಲಿನ ಮತ್ತು ಕೆಳಗಿನ ಅಂಕಿಗಳ ನಡುವಿನದನ್ನು ಬರೆಯಿರಿ.

ನೀವಿಲ್ಲದಾಗ ನೀರು ಎಷ್ಟು ಏರಿತ್ತು? ಅದಕ್ಕೂ ಹಳೆಯ ಉಪಾಯ ಇದೆ. ತೂತು ಮಾಡಿದ ಒಂದು ಪೈಪ್ ನೆಟ್ಟು ಒಳಗೆ ಮರದ ಕೋಲು ಇಡಿ, ತಳಕ್ಕೆ ಬಿರಡೆಯ (ಕಾರ್ಕ್) ಪುಡಿ ಹಾಕಿ. ನೀರು ಏರಿದಾಗ ಪುಡಿ ತೇಲಿ, ಇಳಿದಾಗ ಕೋಲಿಗೆ ಅಂಟಿ ಉಳಿಯುತ್ತದೆ. ಯುಎಸ್‌ಜಿಎಸ್‌ನವರೂ ಇದನ್ನು ಬಳಸುತ್ತಾರೆ. ಒತ್ತಡದ ಸೆನ್ಸರ್ ಕೊಳ್ಳುವುದಾದರೆ ಗಾಳಿಯ ಒತ್ತಡ ಅಳೆಯಲು ಇನ್ನೊಂದನ್ನು ದಡದಲ್ಲಿ ಇಡಬೇಕು. ಗಾಳಿಯ ಒತ್ತಡವನ್ನು ಹೆಕ್ಟೊಪ್ಯಾಸ್ಕಲ್‌ನಲ್ಲಿ ಅಳೆಯುತ್ತಾರೆ, ಒಂದು ಹೆಕ್ಟೊಪ್ಯಾಸ್ಕಲ್ ವ್ಯತ್ಯಾಸ ಎಂದರೆ ಸುಮಾರು ಒಂದು ಸೆಂಟಿಮೀಟರ್ ನೀರು. ಬಿರುಗಾಳಿ ಬಂದು ಗಾಳಿಯ ಒತ್ತಡ 10ರಷ್ಟು ಇಳಿದರೆ ನಿಮ್ಮ ಹಳ್ಳ ಸುಮ್ನೆ 10 ಸೆಂಟಿಮೀಟರ್ ಇಳಿದಂತೆ ತೋರುತ್ತದೆ.

ಇನ್ನು ಹರಿವು. ಇದಕ್ಕೆ ಒಂದು ಕಿತ್ತಳೆ ಹಣ್ಣು ಸಾಕು. ಬಹುಪಾಲು ಮುಳುಗಿ ತೇಲುತ್ತದೆ, ಗಾಳಿ ಅದನ್ನು ಅಷ್ಟಾಗಿ ಎಳೆಯುವುದಿಲ್ಲ, ದೂರದಿಂದ ಕಾಣುತ್ತದೆ. 10 ಮೀಟರ್ ಅಳೆದು ಹಗ್ಗ ಕಟ್ಟಿ. ಹಣ್ಣನ್ನು ಮೇಲಿನಿಂದ ಬಿಟ್ಟು ಸಮಯ ನೋಡಿ. ನಡುವೆ, ಎಡಕ್ಕೆ, ಬಲಕ್ಕೆ ಹಲವು ಸಲ ಬಿಟ್ಟು ಸರಾಸರಿ ತೆಗೆಯಿರಿ. 12.5 ಸೆಕೆಂಡ್ ಬಂತು ಅಂದುಕೊಳ್ಳಿ. ಮೇಲ್ಮೈ ವೇಗ ಸೆಕೆಂಡಿಗೆ 0.8 ಮೀಟರ್. ತಳದ ನೀರು ನಿಧಾನ, ಹಾಗಾಗಿ ಇದನ್ನು 0.85ರಿಂದ ಗುಣಿಸಿ. 0.68 ಆಯಿತು. ತಳ ತುಂಬಾ ಕಲ್ಲುಕಲ್ಲಾಗಿದ್ದರೆ 0.8ರಿಂದ ಗುಣಿಸುವುದು ಒಳ್ಳೆಯದು. ಈಗ ಅಡ್ಡಗಲಕ್ಕೆ ಅರ್ಧ ಮೀಟರಿಗೊಮ್ಮೆ ಆಳ ನೋಡಿ. ಅಗಲ 5 ಮೀಟರ್, ಸರಾಸರಿ ಆಳ 0.3 ಮೀಟರ್ ಇದ್ದರೆ ನೀರಿನ ಅಡ್ಡಕೊಯ್ತ 1.5 ಚದರ ಮೀಟರ್. ಎರಡನ್ನೂ ಗುಣಿಸಿದರೆ ಸೆಕೆಂಡಿಗೆ 1.02 ಘನ ಮೀಟರ್, ಅಂದರೆ ಸುಮಾರು 36 ಕ್ಯೂಸೆಕ್.

ಅಳೆದ ಹೊತ್ತಿಗೆ ಪಟ್ಟಿಯ ಮಟ್ಟ ಎಷ್ಟಿತ್ತು ಎಂದು ಅದರ ಪಕ್ಕದಲ್ಲೇ ಬರೆಯಿರಿ. ಹೀಗೆ ನೀರು ಕಡಿಮೆ ಇದ್ದಾಗ, ಮಧ್ಯಮ ಇದ್ದಾಗ, ಜಾಸ್ತಿ ಇದ್ದಾಗ ಅಳೆದು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ನಿಮ್ಮ ಹಳ್ಳದ ವಕ್ರರೇಖೆ ಸಿದ್ಧ. ಮುಂದೆ ಪಟ್ಟಿ ನೋಡಿದರೆ ಹರಿವು ಗೊತ್ತಾಗುತ್ತದೆ. ಆದರೆ ನೀವು ಅಳೆದ ಅತಿ ಹೆಚ್ಚಿನ ಹರಿವಿನ ಎರಡರಷ್ಟಕ್ಕಿಂತ ಮುಂದಕ್ಕೆ ರೇಖೆ ಎಳೆಯಬೇಡಿ. ಅಲ್ಲಿಂದಾಚೆ ಅದು ಬರೀ ಊಹೆ. ತುಂಬಿ ಹರಿಯುವಾಗ ಅಳೆಯುವುದಿದ್ದರೆ ಸೇತುವೆ ಮೇಲೆ ನಿಂತು ಹಣ್ಣು ಬಿಡಿ. ಆಳವನ್ನು ನೀರು ಇಳಿದ ಮೇಲೆ ಅಳೆದುಕೊಂಡರಾಯಿತು.

ಪುಸ್ತಕದಲ್ಲಿ ತಾರೀಖು, ಗಂಟೆ, ಮಟ್ಟ, ನೀರಿನ ತಾಪ, ಬಣ್ಣ, ಹಿಂದಿನ ದಿನದ ಮಳೆ ಇಷ್ಟಕ್ಕೆ ಅಂಕಣ ಹಾಕಿ. ಪಕ್ಕದಲ್ಲಿ ಆ ಹೊತ್ತಿನ ವೆಲ್ಸ್‌ವಿಲ್ ಅಂಕಿಯನ್ನೂ ಬರೆಯಿರಿ. ಎರಡು ಋತು ಕಳೆಯುವಷ್ಟರಲ್ಲಿ ದೊಡ್ಡ ನದಿ ಹೇಗಿದ್ದಾಗ ನಿಮ್ಮ ಹಳ್ಳ ಹೇಗಿರುತ್ತದೆ ಎಂದು ಮನೆಯಲ್ಲೇ ಕೂತು ಹೇಳಬಲ್ಲಿರಿ. ನವೆಂಬರ್ ಕೊನೆಗೆ, ಹಳ್ಳ ಹೆಪ್ಪುಗಟ್ಟುವ ಮೊದಲು, ಸೆನ್ಸರ್ ಇದ್ದರೆ ತೆಗೆದಿಡಿ. ಮಂಜುಗಡ್ಡೆ ಕಂಬವನ್ನು ಬಾಗಿಸುತ್ತದೆ. ಆದ್ದರಿಂದ ವಸಂತದಲ್ಲಿ ಮೊದಲ ಅಂಕಿ ಬರೆಯುವ ಮುಂಚೆ ಬಂಡೆಯ ಗುರುತಿನಿಂದ ಸೊನ್ನೆಯನ್ನು ಮತ್ತೊಮ್ಮೆ ಅಳೆದು ನೋಡಿ.